ಎಕ್ಸ್-ವರ್ಕ್ಸ್, ಎಕ್ಸ್-ಶೋರೂಮ್, ಎಕ್ಸ್-ಡಿವಿಡೆಂಡ್: ಈ 'ಎಕ್ಸ್' ಒಂದೋ ಹತ್ತೋ?

ಪಿಂಪ್ರಿ_ಸ್ಟೋರ್ಸ್
ನಮಸ್ಕಾರ ಎಲ್ಲರಿಗೂ. ಇಲ್ಲಿ ಸ್ಟೋರ್ಸ್, ಪರ್ಚೇಸ್‌ಗೆ ಹೊಸದಾಗಿ ಸೇರಿರುವ ನಮ್ಮ ಕಡೆಯ ಹುಡುಗರಿಗೆ ಒಂದು ಪುಟದ ಪದಪಟ್ಟಿ ಮಾಡ್ತಿದ್ದೀನಿ. 'ಎಕ್ಸ್' ಹತ್ರ ಬಂದು ಗಾಡಿ ನಿಂತಿದೆ. ಒಂದೇ ಪಂಪಿನ ಫೈಲ್ ನೋಡಿ: ಕೊಟೇಶನ್‌ನಲ್ಲಿ 'ಎಕ್ಸ್-ವರ್ಕ್ಸ್ ಭೋಸರಿ' (ಭೋಸರಿ ಅಂದರೆ ಪುಣೆ ಹತ್ರದ ಕಾರ್ಖಾನೆಗಳ ಜಾಗ), ಮೋಟರಿನ ನೇಮ್‌ಪ್ಲೇಟಲ್ಲಿ 'ಎಕ್ಸ್ ಡಿಬಿ ಟೂ-ಬಿ ಟಿ4', ಹೊರದೇಶದಿಂದ ಬಂದ ಸೀಲ್‌ನ ಕಾಗದದಲ್ಲಿ 'ಎಕ್ಸ್-ಬಾಂಡ್'. ಇನ್ನು ಎಕ್ಸ್-ಶೋರೂಮ್, ಎಕ್ಸ್-ಡಿವಿಡೆಂಡ್ ಬೇರೆ. ಹುಡುಗರಿಗೆ ಗೊತ್ತಿರೋದು ಎಕ್ಸ್-ಎಂಎಲ್ಎ ಒಂದೇ. ಆ ಲೆಕ್ಕದಲ್ಲಿ ಬರೆದರೆ 'ಮಾಜಿ ಕಾರ್ಖಾನೆ, ಭೋಸರಿ' ಆಗುತ್ತೆ. ಎಲ್ಲಕ್ಕೂ ಹೊಂದುವ ಒಂದು ಕನ್ನಡ ಮಾತು ಇದೆಯಾ? ಬರೀ ಅರ್ಥ ಸಾಲದು, ತಪ್ಪು ತಿಳ್ಕೊಂಡರೆ ಪೆಟ್ಟು ಎಲ್ಲಿ ಬೀಳುತ್ತೆ ಅನ್ನೋದೂ ಬೇಕು.

ಡೊಂಬಿವಲಿ_ಫಾಸ್ಟ್
ಮಾಜಿ ಕಾರ್ಖಾನೆ 😂 ಭೋಸರಿಯಲ್ಲಿ ಅಂಥವೂ ಬೇಕಾದಷ್ಟಿವೆ ಬಿಡಿ.

ಪದ_ಚರಿಕ
ಲ್ಯಾಟಿನ್‌ನಲ್ಲಿ 'ಎಕ್ಸ್' ಅಂದರೆ 'ಒಳಗಿನಿಂದ ಹೊರಗೆ', 'ಅಲ್ಲಿಂದ'. ಶಾಲೆಯಲ್ಲಿ ಬಾಯಿಪಾಠ ಮಾಡಿಸಿ, ಆಮೇಲೆ ಯಾವತ್ತೂ ಕೆಲಸಕ್ಕೆ ಬಾರದ ಪಂಚಮೀ ವಿಭಕ್ತಿ ಇದೆಯಲ್ಲ, 'ದೆಸೆಯಿಂದ', ಹೆಚ್ಚುಕಡಿಮೆ ಅದೇ. ಇಂಗ್ಲಿಷಿಗೆ ಬಂದಮೇಲೆ ಅದು ಮೂರು ಕವಲಾಯಿತು.

ಮೊದಲನೆಯದು 'ಇಂದ': ಎಕ್ಸ್-ವರ್ಕ್ಸ್, ಎಕ್ಸ್-ಬಾಂಡ್, ಎಕ್ಸ್-ಶೋರೂಮ್. ಎರಡನೆಯದು 'ಹೊರತು': ಎಕ್ಸ್-ಡಿವಿಡೆಂಡ್, ಎಕ್ಸ್-ಬೋನಸ್, ಎಕ್ಸ್-ಜಿಎಸ್‌ಟಿ. ಮೂರನೆಯದು 'ಮಾಜಿ': ಹುದ್ದೆಯಿಂದ ಹೊರಗೆ ಬಂದವರು. ನಮ್ಮ 'ಹೊರ' ಕೂಡ ಹೀಗೇ ಕವಲೊಡೆದಿದೆ, ಒಂದು ಕಡೆ 'ಹೊರಗೆ', ಇನ್ನೊಂದು ಕಡೆ 'ಹೊರತು'. ಹಾಗಾಗಿ ಒಂದೇ ಪದ ಹುಡುಕಬೇಡಿ. ಪಟ್ಟಿಯಲ್ಲಿ ಮೂರು ಕಂಬ ಹಾಕಿ, ಪ್ರತಿ 'ಎಕ್ಸ್' ಯಾವ ಕಂಬಕ್ಕೆ ಅಂತ ತೋರಿಸಿ. ಗಲಾಟೆ ಆಗೋದೆಲ್ಲ 'ಇಂದ' ಇರುವಲ್ಲಿ 'ಹೊರತು' ಅಂತ ಓದಿದಾಗ.

ಮೋಟರಿನ ಎಕ್ಸ್ ಈ ಮೂರರಲ್ಲೂ ಇಲ್ಲ. ಅದು 'ಎಕ್ಸ್‌ಪ್ಲೋಶನ್' ಪದದ ತಲೆ ಮಾತ್ರ.

ಭೋಸರಿ_ಗೇಟ್
ಎಕ್ಸ್-ವರ್ಕ್ಸ್ ಬಗ್ಗೆ. ಪ್ಯಾರಿಸ್‌ನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಿಂದ ಇಂಕೋಟರ್ಮ್ಸ್ ಅನ್ನೋ ನಿಯಮಾವಳಿ ಹೊರಡಿಸುತ್ತೆ, ಮಾಲು ಮುಟ್ಟಿಸುವ ಖರ್ಚು-ರಿಸ್ಕ್ ಎಲ್ಲಿವರೆಗೆ ಯಾರದ್ದು ಅನ್ನೋದು ಅದರಲ್ಲಿ. ಈಗ ನಡೀತಿರೋದು 2020ರ ಆವೃತ್ತಿ, ಒಟ್ಟು 11 ಷರತ್ತು. ಮಾರುವವರ ಮೇಲೆ ಅತಿ ಕಡಿಮೆ ಭಾರ ಇರೋದು ಎಕ್ಸ್-ವರ್ಕ್ಸ್‌ನಲ್ಲಿ. ಮಾಲು ತಯಾರು ಮಾಡಿ ತನ್ನ ಜಾಗದಲ್ಲಿ ಇಟ್ಟು 'ರೆಡಿ ಇದೆ' ಅಂತ ತಿಳಿಸಿದರೆ ಅವರ ಕೆಲಸ ಮುಗೀತು. ಲಾರಿಗೆ ಏರಿಸೋದು ಕೂಡ ಅವರ ಕರ್ತವ್ಯ ಅಲ್ಲ. ಹೆಚ್ಚಿನವರು ಇಲ್ಲೇ ಎಡವೋದು. 600 ಕಿಲೋ ಪಂಪ್ ತರೋಕೆ ಲಾರಿ ಕಳಿಸ್ತಾರೆ, ಏರಿಸೋ ಹೈಡ್ರಾ ಕ್ರೇನ್ ಯಾರದ್ದು ಅಂತ ಗೇಟಲ್ಲಿ ಜಗಳ. ಅವರು ಸೌಜನ್ಯಕ್ಕೆ ಏರಿಸಿಕೊಟ್ಟರೂ, ಏರಿಸುವಾಗ ಬಿದ್ದರೆ ನಷ್ಟ ಕೊಂಡವರದ್ದು.

ಕೊಟೇಶನ್ ಹೋಲಿಸುವಾಗ ಹೀಗೆ ಬಿಡಿಸಿ (ಅಂಕಿ ಉದಾಹರಣೆಗೆ ಮಾತ್ರ):

ಎ ಕಂಪನಿ, ಎಕ್ಸ್-ವರ್ಕ್ಸ್ ಭೋಸರಿ 4,10,000. ಪ್ಯಾಕಿಂಗ್-ಫಾರ್ವರ್ಡಿಂಗ್ 2% ಅಂದರೆ 8,200. ಲೋಡಿಂಗ್ 1,500. ಹುಬ್ಬಳ್ಳಿವರೆಗೆ ಲಾರಿ ಬಾಡಿಗೆ 11,000. ದಾರಿಯ ವಿಮೆ 500. ಒಟ್ಟು 4,31,200.
ಬಿ ಕಂಪನಿ, ಹುಬ್ಬಳ್ಳಿ ಮುಟ್ಟಿಸಿ 4,32,000.

ಮೊದಲು 22,000 ಅಂತರ ಕಂಡಿತ್ತು, ಉಳಿದದ್ದು 800. ಅಷ್ಟಕ್ಕೆ ದಾರಿಯ ರಿಸ್ಕ್ ಮೈಮೇಲೆ ಹಾಕ್ಕೋಬೇಕಾ ಅಂತ ಆಮೇಲೆ ಯೋಚಿಸಿ. ಇನ್ನೊಂದು, ಎಕ್ಸ್-ವರ್ಕ್ಸ್‌ನಲ್ಲಿ 'ಡೆಲಿವರಿ 6 ವಾರ' ಅಂದರೆ ಆರು ವಾರಕ್ಕೆ ಗೇಟಿನೊಳಗೆ ರೆಡಿ, ನಿಮ್ಮ ಸೈಟಿಗೆ ಬರೋದಲ್ಲ. ವಿಳಂಬದ ದಂಡದ ಲೆಕ್ಕವೂ ಆ ತಾರೀಕಿಗೇ ನಿಲ್ಲುತ್ತೆ.

ಹುಬ್ಬಳ್ಳಿ_ಲೈನ್
ಗೇಟ್ ಸಾಹೇಬ್ರು ಬರದದ್ದು ಬರೋಬ್ಬರಿ ಐತಿ. ಬಿ ಕಂಪನಿಯವ್ರು 'ಎಫ್‌ಓಆರ್ ಹುಬ್ಬಳ್ಳಿ' (ಹುಬ್ಬಳ್ಳಿತನಕ ಬಾಡಿಗಿ ಸೇರಿ) ಅಂತ ಬರೀತಾರಲ್ರೀ, ಅದು ಇಂಕೋಟರ್ಮ್ಸ್ 2020ರಾಗ ಇಲ್ಲ. ನಮ್ಮಲ್ಲಿ ರೂಢಿ ಅಷ್ಟ. ಅದಕ್ಕ 'ಸೈಟ್ ಮುಟ್ಟಿಸಿ, ಇಳಿಸೂದು ಕೊಳ್ಳಾವ್ರದು' ಅಂತ ಬಿಡಿಸಿ ಬರಸ್ಕೋರಿ.

ಚಿಂಚವಾಡ್_ಜಿಎಸ್‌ಟಿ
ಗೇಟಲ್ಲೇ ಮಾಲು ಕೈಬದಲಾಯ್ತು ಅಂದ್ರೆ ವ್ಯವಹಾರ ಮಹಾರಾಷ್ಟ್ರದೊಳಗೆ ಮುಗೀತು. ರಾಜ್ಯದೊಳಗಿನ ಮಾರಾಟಕ್ಕೆ ಹಾಕೋ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬಿಲ್ ಸಾಕಲ್ವಾ?

ಭೋಸರಿ_ಗೇಟ್
ಈ ತಪ್ಪು ದುಬಾರಿ. ಐಜಿಎಸ್‌ಟಿ (ರಾಜ್ಯ ದಾಟುವ ಮಾರಾಟದ ಜಿಎಸ್‌ಟಿ) ಕಾಯ್ದೆಯ ಕಲಂ 10(1)(ಎ) ಓದಿ. ಮಾಲಿನ ಸಾಗಾಟ ಇದ್ದರೆ, ಸಾಗಿಸುವವರು ಮಾರುವವರೇ ಇರಲಿ, ಕೊಳ್ಳುವವರೇ ಇರಲಿ, ಸಾಗಾಟ ಎಲ್ಲಿ ಮುಗಿಯುತ್ತೋ ಅದೇ ಪೂರೈಕೆಯ ಜಾಗ. ಲಾರಿ ಹುಬ್ಬಳ್ಳಿಗೆ ಹೋಗೋದು ಖಚಿತವಿದ್ದರೆ ಐಜಿಎಸ್‌ಟಿಯೇ. ಮಹಾರಾಷ್ಟ್ರದ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಹಾಕಿಸಿಕೊಂಡರೆ, ಕರ್ನಾಟಕದ ನೋಂದಣಿ ಮಾತ್ರ ಇರುವವರಿಗೆ ಕಟ್ಟಿದ ಆ ತೆರಿಗೆಯ ಕ್ರೆಡಿಟ್ ಸಿಗೋದಿಲ್ಲ. ಎಕ್ಸ್-ವರ್ಕ್ಸ್ ಅನ್ನೋದು ಖರ್ಚು-ರಿಸ್ಕ್ ಹಂಚುವ ಷರತ್ತು, ತೆರಿಗೆಯ ಷರತ್ತಲ್ಲ.

ಹುಬ್ಬಳ್ಳಿ_ಲೈನ್
ಇ-ವೇ ಬಿಲ್ಲೂ (ಮಾಲು ಸಾಗಸೂ ಆನ್‌ಲೈನ್ ಚೀಟಿ) ಹಂಗ. 50,000 ರೂಪಾಯಿ ದಾಟಿದ ಮಾಲು ರಾಜ್ಯ ದಾಟಿದ್ರ ಬೇಕ ಬೇಕು. ಕೊಂಡಾವ್ರ ತಮ್ಮ ಗಾಡಿ ತಂದ್ರ ಅವ್ರ ಮಾಡ್ಬಹುದು, ಮಾರಾವ್ರೂ ಮಾಡ್ಬಹುದು. ಇಬ್ರೂ 'ಅವ್ರು ಮಾಡ್ಯಾರ' ಅಂತ ಸುಮ್ನ ಕುಂತಾಗ ಗಾಡಿ ನಾಕಾದಾಗ ನಿಲ್ತೈತಿ. ಬಿಲ್ಲಿನ ಅವಧಿ 200 ಕಿಲೋಮೀಟರಿಗೆ ಒಂದು ದಿನ ಲೆಕ್ಕ. ಭೋಸರಿ-ಹುಬ್ಬಳ್ಳಿ 400 ದಾಟ್ತೈತಿ, ಅಂದ್ರ ಮೂರು ದಿನ. ಗಾಡಿ ಬದಲಾದ್ರ ಗಾಡಿ ನಂಬರಿರೂ ಪಾರ್ಟ್-ಬಿ ತಿದ್ದೂದು ಮರೀಬ್ಯಾಡ್ರಿ.

ನ್ಹಾವಾ_ಶೇವಾ
ರಫ್ತಿಗೆ ಎಕ್ಸ್-ವರ್ಕ್ಸ್ ಬರೆಯಲೇಬೇಡಿ. ಆ ಷರತ್ತಿನಲ್ಲಿ ರಫ್ತಿನ ಕಸ್ಟಮ್ಸ್ ಕೆಲಸವೂ ಕೊಳ್ಳುವವರದ್ದು. ದುಬೈಯ ಗಿರಾಕಿಗೆ ಇಲ್ಲಿಯ ಐಇಸಿ (ಆಮದು-ರಫ್ತು ಕೋಡ್) ನಂಬರ್ ಎಲ್ಲಿರುತ್ತೆ? ಶಿಪ್ಪಿಂಗ್ ಬಿಲ್, ಅಂದರೆ ರಫ್ತಿನ ಕಸ್ಟಮ್ಸ್ ಕಾಗದ, ಮಾರುವವರ ಹೆಸರಲ್ಲೇ ಆಗಬೇಕು. ಅದಕ್ಕೆ ಇಂಕೋಟರ್ಮ್ಸ್‌ನದೇ ಇನ್ನೊಂದು ಷರತ್ತು ಎಫ್‌ಸಿಎ ಸರಿ: ಮಾರುವವರೇ ತಮ್ಮ ಜಾಗದಲ್ಲಿ ಲಾರಿಗೆ ಏರಿಸಿ, ಕಸ್ಟಮ್ಸ್ ದಾಟಿಸಿಕೊಡಬೇಕು.

ಇನ್ನು ಎಕ್ಸ್-ಬಾಂಡ್. ಆಮದಿಗೆ ಕಸ್ಟಮ್ಸ್‌ಗೆ ಸಲ್ಲಿಸುವ ಬಿಲ್ ಆಫ್ ಎಂಟ್ರಿಯಲ್ಲಿ ಮೂರು ಬಗೆ. ಕಾಗದದ ಕಾಲದಲ್ಲಿ ಬಣ್ಣದಿಂದಲೇ ಗುರುತು: ಸೀದಾ ಬಿಡಿಸಿಕೊಳ್ಳೋದು ಬಿಳಿ, ಬಾಂಡೆಡ್ ಗೋದಾಮಿಗೆ ಹಾಕೋ ಇನ್‌ಟು-ಬಾಂಡ್ ಹಳದಿ, ಅಲ್ಲಿಂದ ತೆಗೆಯೋ ಎಕ್ಸ್-ಬಾಂಡ್ ಹಸಿರು. ಗೋದಾಮಿಗೆ ಹಾಕುವಾಗ ಸುಂಕ ಕಟ್ಟೋದಿಲ್ಲ, ಸುಂಕದ ಮೂರು ಪಟ್ಟಿಗೆ ಬಾಂಡ್ ಬರೆದುಕೊಡಬೇಕು. ಎಕ್ಸ್-ಬಾಂಡ್ ಮಾಡುವಾಗ ಸುಂಕ.

ಎಡವಟ್ಟು ಇರೋದು ತಾರೀಕಿನಲ್ಲಿ. ಸುಂಕದ ದರ ಎಕ್ಸ್-ಬಾಂಡ್ ಬಿಲ್ ಸಲ್ಲಿಸಿದ ದಿನದ್ದು. ಡಾಲರಿನ ವಿನಿಮಯ ದರ ಮಾತ್ರ ಮೊದಲಿನ ಇನ್‌ಟು-ಬಾಂಡ್ ದಿನದ್ದೇ. ಎರಡಕ್ಕೂ ಒಂದೇ ತಾರೀಕು ಹಿಡಿದು ಲೆಕ್ಕ ಹಾಕಿದರೆ ಚಲನ್ ತಾಳೆ ಆಗೋದಿಲ್ಲ. ಸಾಮಾನ್ಯ ಗೋದಾಮಿನಲ್ಲಿ 90 ದಿನದವರೆಗೆ ಬಡ್ಡಿ ಇಲ್ಲ, ಆಮೇಲೆ ಸುಂಕದ ಮೇಲೆ ವರ್ಷಕ್ಕೆ 15%.

ಡೊಂಬಿವಲಿ_ಫಾಸ್ಟ್
ಹಾಗಾದ್ರೆ ಎಕ್ಸ್-ಶೋರೂಮ್ ಅಂದ್ರೆ ಶೋರೂಮಿನ ಖರ್ಚು ಬಿಟ್ಟು ಅಂತ ಅಲ್ವಾ? ಇಷ್ಟು ದಿನ ಹಾಗೇ ಅಂದ್ಕೊಂಡಿದ್ದೆ.

ಪದ_ಚರಿಕ
ನೋಡಿ, 'ಇಂದ'ವನ್ನು 'ಹೊರತು' ಅಂತ ಓದಿದ್ದು. ನಾನು ಹೇಳಿದ್ದು ಇದನ್ನೇ.

ವಾಕಡ್_ಆರ್‌ಟಿಓ
ಅಲ್ಲ. ಕಾರು ಶೋರೂಮಿನ ಬಾಗಿಲಿಗೆ ಬಂದಾಗಿನ ಬೆಲೆ ಅದು. ಕಾರ್ಖಾನೆಯಿಂದ ತಂದ ಬಾಡಿಗೆ, ಡೀಲರ್ ಲಾಭ, ಜಿಎಸ್‌ಟಿ ಎಲ್ಲ ಅದರಲ್ಲೇ ಸೇರಿದೆ. ಬಾಗಿಲಿನಿಂದ ಆಚೆಗೆ ನೋಂದಣಿ, ರಸ್ತೆ ತೆರಿಗೆ, ವಿಮೆ, ಫಾಸ್ಟ್ಯಾಗ್. ಮಹಾರಾಷ್ಟ್ರದಲ್ಲಿ ಸ್ವಂತ ಹೆಸರಿನ ಪೆಟ್ರೋಲ್ ಕಾರಿಗೆ 10 ಲಕ್ಷದವರೆಗೆ 11%, 20ರವರೆಗೆ 12%, ಮೇಲೆ 13%. ಡೀಸೆಲ್ಲಿಗೆ 13, 14, 15. 9 ಲಕ್ಷದ ಪೆಟ್ರೋಲ್ ಕಾರಿಗೆ ತೆರಿಗೆಯೇ 99,000 ಆಯ್ತು. 10 ಲಕ್ಷ ದಾಟಿದರೆ 1% ಟಿಸಿಎಸ್ (ಮುಂಗಡ ಆದಾಯ ತೆರಿಗೆ) ಹಿಡೀತಾರೆ, ಅದು ರಿಟರ್ನ್‌ನಲ್ಲಿ ವಾಪಸ್ ಲೆಕ್ಕಕ್ಕೆ ಬರುತ್ತೆ. ಹೊಸ ಕಾರಿಗೆ ಮೂರು ವರ್ಷದ, ಬೈಕಿಗೆ ಐದು ವರ್ಷದ ಥರ್ಡ್-ಪಾರ್ಟಿ ವಿಮೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. ವಿಮೆ ಅವರ ಹತ್ರವೇ ಮಾಡಿಸಬೇಕು ಅಂತೇನಿಲ್ಲ. 'ಹ್ಯಾಂಡ್ಲಿಂಗ್ ಚಾರ್ಜ್' ಅಂತ ಒಂದು ಸಾಲು ಕಂಡರೆ, ಇದು ಯಾವ ಬಾಗಿಲಿನದ್ದು ಅಂತ ಕೇಳಿ. ಹೆಚ್ಚಿನ ಸಲ ಸಾಲು ಮಾಯವಾಗುತ್ತೆ.

ಪಿಂಪ್ರಿ_ಸ್ಟೋರ್ಸ್
ಇದು ಪಟ್ಟಿಗೆ ಬೇಕು. ಎಕ್ಸ್-ಶೋರೂಮ್‌ನಲ್ಲಿ ಜಿಎಸ್‌ಟಿ ಸೇರಿದೆ, ಎಕ್ಸ್-ವರ್ಕ್ಸ್ ಕೊಟೇಶನ್‌ನಲ್ಲಿ ಸಾಮಾನ್ಯವಾಗಿ ಇರೋದಿಲ್ಲ. ಎರಡೂ 'ಇಂದ'ವೇ ಆದರೂ!

ಭೋಸರಿ_ಗೇಟ್
ಹೌದು. ತೆರಿಗೆಯ ಬಗ್ಗೆ 'ಎಕ್ಸ್' ಏನೂ ಹೇಳೋದಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ 'ಟ್ಯಾಕ್ಸ್ ಎಕ್ಸ್‌ಟ್ರಾ' ಇದೆಯಾ ನೋಡಿ. ಆ 'ಎಕ್ಸ್‌ಟ್ರಾ' ಕೂಡ ಇದೇ ಮನೆತನದ್ದೇ.

ಮುಲುಂಡ್_ಮೂಡುಬಿದಿರೆ
ಶೇರಿನವರು ಯಾರೂ ಇಲ್ಲವಾ ಮಾರಾಯ್ರೆ? ಎಕ್ಸ್-ಡಿವಿಡೆಂಡ್ ಅಂದ್ರೆ ರೆಕಾರ್ಡ್ ಡೇಟಿನ (ಡಿವಿಡೆಂಡ್ ಯಾರಿಗೆ ಅಂತ ಕಂಪನಿ ಪಟ್ಟಿ ನೋಡುವ ದಿನ) ಹಿಂದಿನ ದಿನ. ಎಕ್ಸ್-ಡೇಟಿನ ದಿನ ತೆಗೊಂಡರೆ ಡಿವಿಡೆಂಡ್ ಇಲ್ಲ.

ದಲಾಲ್_ಬೀದಿ_ದೇಸಾಯಿ
ಎರಡನೇ ವಾಕ್ಯ ಸರಿ, ಮೊದಲನೆಯದು ಹಳೇದಾಯ್ತು. ಟಿ+2 ಇದ್ದಾಗ, ಅಂದರೆ ಕೊಂಡ ಶೇರು ಎರಡು ವಹಿವಾಟಿನ ದಿನದ ನಂತರ ಖಾತೆಗೆ ಬರ್ತಿದ್ದಾಗ, ಎಕ್ಸ್-ಡೇಟ್ ಒಂದು ದಿನ ಮುಂಚೆ ಬರ್ತಿತ್ತು. 2023ರ ಜನವರಿ 27ರಿಂದ ಎಲ್ಲ ಶೇರೂ ಟಿ+1, ಈಗ ಎಕ್ಸ್-ಡೇಟ್ ಮತ್ತು ರೆಕಾರ್ಡ್ ಡೇಟ್ ಸಾಮಾನ್ಯವಾಗಿ ಒಂದೇ ದಿನ. ಡಿವಿಡೆಂಡ್ ಬೇಕಿದ್ದರೆ ಎಕ್ಸ್-ಡೇಟಿನ ಹಿಂದಿನ ವಹಿವಾಟಿನ ದಿನದೊಳಗೆ ಕೊಳ್ಳಬೇಕು. ಶುಕ್ರವಾರ ಕೊಂಡಿದ್ದು ಸೋಮವಾರ ಡಿಮ್ಯಾಟಿಗೆ. ಸೋಮವಾರವೇ ರೆಕಾರ್ಡ್ ಡೇಟ್ ಆಗಿದ್ದರೆ ಸಾಕು. ಮಧ್ಯೆ ಸೆಟಲ್‌ಮೆಂಟ್ ರಜೆ ಬಂದರೆ ಲೆಕ್ಕ ತಪ್ಪುತ್ತೆ, ಎಕ್ಸ್‌ಚೇಂಜ್ ಪ್ರಕಟಿಸಿದ ಎಕ್ಸ್-ಡೇಟನ್ನೇ ನೋಡಿ.

ಡಿವಿಡೆಂಡಿಗೋಸ್ಕರ ಹಿಂದಿನ ದಿನ ಕೊಂಡು ಮಾರನೇ ದಿನ ಮಾರೋದರಲ್ಲಿ ಏನೂ ಗಿಟ್ಟೋದಿಲ್ಲ. 10 ರೂಪಾಯಿ ಡಿವಿಡೆಂಡ್ ಇದ್ದರೆ ಬೆಲೆ ಸುಮಾರು ಅಷ್ಟೇ ಇಳಿದು ಶುರುವಾಗುತ್ತೆ, ಬಂದ ಡಿವಿಡೆಂಡಿಗೆ ತೆರಿಗೆ ಬೇರೆ.

ಎಕ್ಸ್-ಬೋನಸ್ ದಿನ ಇನ್ನೂ ಮಜಾ. 1:1 ಬೋನಸ್‌ನಲ್ಲಿ ಬೆಲೆ ಅರ್ಧ ಆಗುತ್ತೆ, ಹೊಸ ಶೇರು ಇನ್ನೂ ಖಾತೆಗೆ ಬಂದಿರೋದಿಲ್ಲ. ಮೊಬೈಲಿನಲ್ಲಿ 50% ನಷ್ಟ ಅಂತ ಕೆಂಪು. ಗಾಬರಿಯಲ್ಲಿ ಮಾರಿಬಿಡುವವರಿದ್ದಾರೆ. 2024ರ ಅಕ್ಟೋಬರ್‌ನಿಂದ ಬೋನಸ್ ಶೇರು ರೆಕಾರ್ಡ್ ಡೇಟಿನ ನಂತರ ಎರಡನೇ ವಹಿವಾಟಿನ ದಿನವೇ ಮಾರಾಟಕ್ಕೆ ಸಿಗ್ತವೆ, ಅಲ್ಲಿವರೆಗೆ ಸುಮ್ಮನಿರಿ. ಇದರ ಎದುರು ಪದ 'ಕಮ್': ಕಮ್-ಡಿವಿಡೆಂಡ್, ಅಂದರೆ ಡಿವಿಡೆಂಡ್ ಸಮೇತ.

ಮುಲುಂಡ್_ಮೂಡುಬಿದಿರೆ
ಸರಿ, ಒಪ್ಪಿದೆ. 'ಸಮೇತ' ಮತ್ತು 'ಹೊರತು' ಚಂದ ಉಂಟು. ಕೋರ್ಟಿನ 'ಎಕ್ಸ್ ಪಾರ್ಟೆ' ಯಾವ ಕಂಬಕ್ಕೆ?

ದಾದರ್_ವಕೀಲ
ಅದೂ 'ಇಂದ'. 'ಒಂದು ಪಕ್ಷದಿಂದ ಮಾತ್ರ ಕೇಳಿ'. ಕನ್ನಡದಲ್ಲಿ ಏಕಪಕ್ಷೀಯ, ಇಲ್ಲಿಯ ಮರಾಠಿಯಲ್ಲಿ ಏಕತರ್ಫಿ. ಹಾಗಂತ ಅದು ಅಂತಿಮ ಅಂತ ಕೈಚೆಲ್ಲಬೇಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 13ರಲ್ಲಿ ಏಕಪಕ್ಷೀಯ ಡಿಕ್ರಿ ರದ್ದು ಮಾಡಿಸಲು ಅರ್ಜಿ ಹಾಕಬಹುದು. ಡಿಕ್ರಿಯ ದಿನದಿಂದ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿ ಗೊತ್ತಾದ ದಿನದಿಂದ 30.

'ಎಕ್ಸ್-ಅಫಿಶಿಯೊ' ತಪ್ಪಾಗೋದು ಇನ್ನೂ ಜಾಸ್ತಿ. 'ಮಾಜಿ ಅಧಿಕಾರಿ' ಅಂತ ಓದ್ತಾರೆ. ಅರ್ಥ ಪೂರ್ತಿ ಉಲ್ಟಾ: ಹುದ್ದೆಯಲ್ಲಿ ಇರುವುದರಿಂದ ಸಿಕ್ಕ ಸ್ಥಾನ. ಉಪರಾಷ್ಟ್ರಪತಿ ರಾಜ್ಯಸಭೆಯ ಎಕ್ಸ್-ಅಫಿಶಿಯೊ ಸಭಾಪತಿ. 'ಪದನಿಮಿತ್ತ' ಅನ್ನೋ ಒಳ್ಳೇ ಕನ್ನಡ ಇದೆ, ಅದನ್ನೇ ಹಾಕಿ.

ಪರೇಲ್_ಬೆಸ್ಟ್
ದೀಪಾವಳಿಗೆ ಮುನ್ಸಿಪಾಲ್ಟಿಯವರಿಗೆ ಕೊಡೋ ಎಕ್ಸ್-ಗ್ರೇಷಿಯಾ?

ದಾದರ್_ವಕೀಲ
'ಕೃಪೆಯಿಂದ'. ಇಲ್ಲಿಯ ಸರ್ಕಾರಿ ಮರಾಠಿ 'ಸಾನುಗ್ರಹ ಅನುದಾನ', ಕನ್ನಡಕ್ಕೂ ಹಾಗೇ ಒಗ್ಗುತ್ತೆ. ಪೇಪರಿನವರು ಬೋನಸ್ ಅಂತ ಬರೆದರೂ ಅದು ಬೋನಸ್ ಅಲ್ಲ. 1965ರ ಬೋನಸ್ ಕಾಯ್ದೆ ಸ್ಥಳೀಯ ಸಂಸ್ಥೆಗಳ ನೌಕರರನ್ನು ಹೊರಗಿಟ್ಟಿತ್ತು. ಕಾಯ್ದೆಯ ಬೋನಸ್ ಹಕ್ಕು, ಕನಿಷ್ಠ 8.33%. ಎಕ್ಸ್-ಗ್ರೇಷಿಯಾಕ್ಕೆ ಕನಿಷ್ಠವೂ ಇಲ್ಲ, ಹಕ್ಕೂ ಇಲ್ಲ. ಪ್ರತಿ ವರ್ಷ ಚೌಕಾಶಿ ನಡೆಯೋದು ಅದಕ್ಕೇ. ಅಪಘಾತದ ಎಕ್ಸ್-ಗ್ರೇಷಿಯಾ ಕೂಡ ಹೀಗೇ, 'ತಪ್ಪು ನಮ್ಮದು ಅಂತ ಒಪ್ಪಿಲ್ಲ, ಆದರೂ ಕೊಡ್ತೀವಿ'.

ವಾಸ್ಕೋ_ಬಾರ್ಜ್
ಗೋವಾದ್ದು ಒಂದು ಸೇರಿಸಿ: ಎಕ್ಸ್-ಮೈನ್. ಗಣಿಯ ಬಾಯಲ್ಲಿನ ಬೆಲೆ. ಅದಿರಿನ ಬೆಲೆ ಮರ್ಮುಗೋವಾದಲ್ಲಿ ಹಡಗು ಹತ್ತಿಸಿದ ಲೆಕ್ಕದಲ್ಲಿ ಹೇಳಿದ್ದರೆ, ಅದರಿಂದ ಲಾರಿ, ಜೆಟ್ಟಿ, ಮಾಂಡವಿ-ಜುವಾರಿಯ ಬಾರ್ಜ್, ಬಂದರಿನ ಖರ್ಚು ಕಳೆದರೆ ಎಕ್ಸ್-ಮೈನ್ ಹತ್ತಿರ ಬರುತ್ತೆ. ನಾಗ್ಪುರದ ಭಾರತೀಯ ಗಣಿ ಬ್ಯೂರೋ ತಿಂಗಳು ತಿಂಗಳು ಪ್ರಕಟಿಸುವ ಸರಾಸರಿ ಮಾರಾಟ ಬೆಲೆಯೂ ಎಕ್ಸ್-ಮೈನ್ ಲೆಕ್ಕದ್ದೇ. ಕಬ್ಬಿಣದ ಅದಿರಿನ 15% ರಾಯಲ್ಟಿ ಅದರ ಮೇಲೆ. ಹಡಗಿನ ಬೆಲೆಗೆ 15% ಹಾಕಿ 'ಸರ್ಕಾರಕ್ಕೆ ಮೋಸ' ಅಂತ ಕೂಗೋರು ಈ ಕಳೆಯೋ ಲೆಕ್ಕ ಬಿಟ್ಟಿರ್ತಾರೆ.

ಸಾಂಗ್ಲಿ_ಸಕ್ಕರೆ
ಸಕ್ಕರೆಯ 'ಎಕ್ಸ್-ಮಿಲ್' ಕೂಡ ಅದೇ ಜಾತಿ. ಕೇಂದ್ರ ಕಟ್ಟಿದ ಕನಿಷ್ಠ ಮಾರಾಟ ದರ, 2018ರಲ್ಲಿ ಕಿಲೋಗೆ 29 ರೂಪಾಯಿ ಇದ್ದದ್ದು 2019ರ ಫೆಬ್ರವರಿಯಲ್ಲಿ 31 ಆಯ್ತಲ್ಲ, ಅದು ಕಾರ್ಖಾನೆ ಬಾಗಿಲಿನದ್ದು. ಜಿಎಸ್‌ಟಿ, ಲಾರಿ, ಅಂಗಡಿಯವರ ಲಾಭ ಆಮೇಲೆ. ಕಬ್ಬಿಗೆ ಕೇಂದ್ರ ಕಟ್ಟುವ ಎಫ್‌ಆರ್‌ಪಿ ದರ ಕೂಡ ಕಾರ್ಖಾನೆ ಗೇಟಿನ ದರ. ಮಹಾರಾಷ್ಟ್ರದಲ್ಲಿ ಕಟಾವು-ಸಾಗಾಟ ಕಳೆದು ರೈತರ ಕೈಗೆ ಬರೋದು ಅದಕ್ಕೇ.

ಡೊಂಬಿವಲಿ_ಫಾಸ್ಟ್
ಗೋವಾ ಅಂದಮೇಲೆ ಎಕ್ಸೈಸ್ ಬಿಟ್ಟರೆ ಹೇಗೆ? ಎಕ್ಸ್ + ಸೈಸ್, ಕತ್ತರಿಸಿ ತೆಗೆಯೋದು. ಜೇಬು ಕತ್ತರಿ. ಸರಿಯಾಯ್ತಲ್ಲ 😄

ಪದ_ಚರಿಕ
ಕತೆ ಚೆನ್ನಾಗಿದೆ, ವ್ಯುತ್ಪತ್ತಿ ಅಲ್ಲ. ಕೊಯ್ದು ತೆಗೆಯುವ 'ಎಕ್ಸೈಸ್' ಬೇರೆ ಪದ. ತೆರಿಗೆಯ ಎಕ್ಸೈಸ್ ಡಚ್ಚರ 'ಎಕ್ಸೈಸ್, ಅಕ್ಸೈಸ್' ಮೂಲಕ ಬಂದದ್ದು. ಇಂಥ ವೇಷಧಾರಿ ಎಕ್ಸ್‌ಗಳು ಇನ್ನೂ ಇವೆ. ಬ್ರಿಟಿಷರ ಖಜಾನೆ 'ಎಕ್ಸ್‌ಚೆಕರ್' ಹಳೇ ಫ್ರೆಂಚಿನ ಚದುರಂಗದ ಹಾಸಿನಿಂದ ಬಂತು, ಚೌಕುಳಿ ಬಟ್ಟೆ ಹಾಸಿ ಬಿಲ್ಲೆ ಇಟ್ಟು ಲೆಕ್ಕ ಮಾಡ್ತಿದ್ದರಂತೆ. ಅದರ ತಲೆಗೆ 'ಎಕ್ಸ್' ಆಮೇಲೆ ತಪ್ಪಾಗಿ ಅಂಟಿತು. ಎಕ್ಸೆಟರ್ ಊರಿನ ಹೆಸರಲ್ಲಿರೋದು ಎಕ್ಸ್ ಅನ್ನೋ ನದಿ.

ನಿಜವಾದ 'ಎಕ್ಸ್' ಕೆಲವು ಕಡೆ ಕಾಣೋದೇ ಇಲ್ಲ. ಎಫ್ ಮುಂದೆ ಬಂದರೆ ಅದು 'ಎಫ್' ಆಗುತ್ತೆ: ಎಫೆಕ್ಟ್. ಎಲ್, ಎಂ, ಜೆ, ವಿ ಮುಂದೆ ಬರೀ 'ಇ': ಎಲೆಕ್ಟ್, ಎಮಿಟ್, ಇಜೆಕ್ಟ್, ಇವೇಡ್. ನಮ್ಮ ಸಂಧಿ ಹಾಗೇ, ಬಾಯಿಗೆ ಸುಲಭವಾದದ್ದು ಉಳೀತು.

ಕಲೀನಾ_ಕನ್ನಡ
ಒಂದು ತಕರಾರು. ಇಷ್ಟೊತ್ತು ಎಲ್ಲರೂ 'ಎಕ್ಸ್' ಅಂತ ಬರೀತಿದ್ದೀರಿ. ಕನ್ನಡ ಲಿಪಿಯಲ್ಲಿ ಆ ಒಂಟಿ ಅಕ್ಷರಕ್ಕೂ ಈ ಪೂರ್ವಪದಕ್ಕೂ ಒಂದೇ ಬರವಣಿಗೆ! ಎಕ್ಸ್-ರೇಯ ಎಕ್ಸ್ ಅಕ್ಷರ: 1895ರಲ್ಲಿ ರಾಂಟ್‌ಜೆನ್ 'ಇದೇನೋ ಗೊತ್ತಿಲ್ಲದ ಕಿರಣ' ಅಂತ ಇಟ್ಟದ್ದು. ಎಕ್ಸ್-ಎಲ್ ಅಂಗಿಯದ್ದು 'ಎಕ್ಸ್‌ಟ್ರಾ'. 2023ರಲ್ಲಿ ಟ್ವಿಟರ್ ಎಕ್ಸ್ ಆದಮೇಲೆ 'ಮಾಜಿ ಸಚಿವರು ಎಕ್ಸ್‌ನಲ್ಲಿ' ಅಂತ ಪತ್ರಿಕೆಯಲ್ಲಿ ಬಂದರೆ ಯಾವ ಎಕ್ಸ್ ಯಾವುದು? ಪಟ್ಟಿಯಲ್ಲಿ ಪೂರ್ವಪದಕ್ಕೆ ಅಡ್ಡಗೆರೆ ಕಡ್ಡಾಯ ಮಾಡಿ, ಎಕ್ಸ್-. ಒಂಟಿ ಅಕ್ಷರದ ಪದ ಪಟ್ಟಿಗೇ ಬೇಡ.

ಮುಲುಂಡ್_ಮೂಡುಬಿದಿರೆ
ಟೂರಿನವರ 'ಎಕ್ಸ್-ಮುಂಬೈ' ಬಿಟ್ಟುಹೋಯ್ತು. ಮುಂಬೈಯಿಂದ ಹೊರಟರೆ ಈ ರೇಟು ಅಂತ. ಮಂಗಳೂರಿನಿಂದ ಬರುವವರು ಮುಂಬೈವರೆಗಿನ ಟಿಕೆಟ್ ತಾವೇ ಮಾಡ್ಕೊಳ್ಬೇಕು.

ಕುರ್ಕುಂಭ್_ಪ್ಯಾನೆಲ್
ಎಲ್ಲ ಆಯ್ತು, ಜೀವಕ್ಕೆ ಸಂಬಂಧಪಟ್ಟ ಎಕ್ಸ್ ಹಾಗೇ ಉಳೀತು. ನೇಮ್‌ಪ್ಲೇಟ್ ಓದೋದು ಹೀಗೆ.

ಎಕ್ಸ್: ಸ್ಫೋಟದ ಅಪಾಯ ಇರುವ ಜಾಗಕ್ಕೆ ಪರೀಕ್ಷಿಸಿದ ಸಾಧನ, 60079 ಸರಣಿಯ ಮಾನಕ.
ಡಿಬಿ: ಫ್ಲೇಮ್‌ಪ್ರೂಫ್. ಒಳಗೆ ಸ್ಫೋಟ ಆದರೂ ಡಬ್ಬಿ ತಡೆಯುತ್ತೆ, ಜ್ವಾಲೆ ಹೊರಗಿನ ಅನಿಲಕ್ಕೆ ಹೊತ್ತಿಕೊಳ್ಳದಷ್ಟು ತಣ್ಣಗಾಗಿ ಹೊರಬರುತ್ತೆ. ಬರೀ 'ಇ' ಇದ್ದರೆ ಕಿಡಿಯೇ ಬಾರದ ಹಾಗೆ ಕಟ್ಟಿದ್ದು. 'ಐಎ' ಇದ್ದರೆ ಕಿಡಿ ಬಂದರೂ ಹೊತ್ತಿಸುವಷ್ಟು ಶಕ್ತಿ ಇರದ ಸರ್ಕ್ಯೂಟ್.
ಟೂ-ಬಿ: ಅನಿಲದ ಗುಂಪು. ಟೂ-ಎ ಪ್ರೊಪೇನ್, ಟೂ-ಬಿ ಎಥಿಲೀನ್, ಟೂ-ಸಿ ಹೈಡ್ರೋಜನ್, ಅಸಿಟಿಲೀನ್. ಟೂ-ಬಿ ಸಾಧನ ಟೂ-ಎ ಜಾಗಕ್ಕೆ ನಡೆಯುತ್ತೆ, ಟೂ-ಸಿಗೆ ನಡೆಯೋದಿಲ್ಲ.
ಟಿ4: ಮೈಯ ಗರಿಷ್ಠ ಬಿಸಿ 135 ಡಿಗ್ರಿ. ಟಿ3 200, ಟಿ5 100, ಟಿ6 85. ಈಥರ್ ಸುಮಾರು 160ಕ್ಕೆ ತಾನಾಗೇ ಹೊತ್ತಿಕೊಳ್ಳುತ್ತೆ, ಅಲ್ಲಿ ಟಿ3 ಮೋಟರ್ ಇಟ್ಟರೆ ಕಿಡಿಯೇ ಬೇಕಾಗಿಲ್ಲ.

ಸುತ್ತಲಿನ ಗಾಳಿಯ ಮಿತಿ ಬರೆದಿರದಿದ್ದರೆ 40 ಡಿಗ್ರಿವರೆಗೆ ಅಂತ ಅರ್ಥ. ಮೇ ತಿಂಗಳ ಶೆಡ್‌ಗೆ 45 ಅಥವಾ 50 ಅಂತ ಬರೆದಿರೋದನ್ನೇ ಕೇಳಿ. ಭಾರತದಲ್ಲಿ ನಾಗ್ಪುರದ ಪೆಸೊ (ಸ್ಫೋಟಕ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ) ಒಪ್ಪಿಗೆ ಇದೆಯಾ ನೋಡಿ. ಗಣಿಯಾದರೆ ಗಣಿ ಸುರಕ್ಷತೆ ನೋಡುವ ಧನ್‌ಬಾದ್‌ನ ಡಿಜಿಎಂಎಸ್.

ಡೊಂಬಿವಲಿ_ಫಾಸ್ಟ್
ನಾನು ಟಿ4 ಅಂದ್ರೆ 4 ಗಂಟೆ ಓಡಿಸಬಹುದು ಅಂದ್ಕೊಂಡಿದ್ದೆ...

ಕುರ್ಕುಂಭ್_ಪ್ಯಾನೆಲ್
ದಯವಿಟ್ಟು ಪ್ಲಾಂಟ್ ಒಳಗೆ ಬರಬೇಡಿ 🙏

ಪದ_ಚರಿಕ
ಎಕ್ಸ್‌ಪ್ಲೋಡ್ ಪದದ ಒಳಗೂ ಅದೇ 'ಹೊರಗೆ' ಇದೆ. ಲ್ಯಾಟಿನ್‌ನಲ್ಲಿ ಎಕ್ಸ್ + 'ಚಪ್ಪಾಳೆ ತಟ್ಟು'. ಕೆಟ್ಟ ನಟನನ್ನು ಚಪ್ಪಾಳೆ ತಟ್ಟಿ, ಕೂಗಿ ರಂಗದಿಂದ ಹೊರಗಟ್ಟೋದು. 'ಢಂ' ಅನ್ನೋ ಅರ್ಥ ಬಂದದ್ದು ಬಹಳ ತಡವಾಗಿ.

ಪಿಂಪ್ರಿ_ಸ್ಟೋರ್ಸ್
ಮೂರು ಕಂಬ ಹಾಕಿದೆ: 'ಇಂದ', 'ಹೊರತು', 'ಮಾಜಿ'. ನಾಲ್ಕನೆಯದಾಗಿ ಕೆಂಪು ಚೌಕದಲ್ಲಿ 'ನೇಮ್‌ಪ್ಲೇಟ್ ಎಕ್ಸ್'. ಅದರ ಕೆಳಗೆ ಹುಡುಗರು ಮಾಡಬಾರದ್ದು ಏನಾದ್ರೂ ಇದೆಯಾ ಸರ್?

ಕುರ್ಕುಂಭ್_ಪ್ಯಾನೆಲ್
ಫ್ಲೇಮ್‌ಪ್ರೂಫ್ ಡಬ್ಬಿಯ ಮುಚ್ಚಳ ಮತ್ತು ಮೈ ಕೂಡುವ ಹೊಳೆಯೋ ಅಂಚು ಇದೆಯಲ್ಲ, ಜ್ವಾಲೆ ತಣ್ಣಗಾಗೋದು ಅಲ್ಲೇ. ಅದಕ್ಕೆ ಬಣ್ಣ ಬಳಿಯಬಾರದು, ಸ್ಕ್ರೂಡ್ರೈವರ್ ಹಾಕಿ ಮೀಟಬಾರದು, ನೀರು ಬರುತ್ತೆ ಅಂತ ಸಿಲಿಕೋನ್ ತುಂಬಬಾರದು, ಸ್ವಂತ ಗ್ಯಾಸ್ಕೆಟ್ ಕತ್ತರಿಸಿ ಹಾಕಬಾರದು. ತಯಾರಕರು ಹೇಳಿದ ಗಟ್ಟಿಯಾಗದ ಗ್ರೀಸ್ ತೆಳ್ಳಗೆ ಸಾಕು. ಬೋಲ್ಟ್ ಎಂಟಿದ್ದರೆ ಎಂಟೂ, ಅದೇ ದರ್ಜೆಯವು. ಒಂದು ಇಲ್ಲದಿದ್ದರೆ ಅದು ಎಕ್ಸ್ ಅಲ್ಲ, ಬರೀ ಭಾರವಾದ ಡಬ್ಬಿ. ಖಾಲಿ ತೂತಿಗೆ ಪ್ಲಾಸ್ಟಿಕ್ ಬಿರಡೆ ಬೇಡ, ಸರ್ಟಿಫೈಡ್ ಪ್ಲಗ್ಗೇ ಆಗಬೇಕು, ಐದು ಸುತ್ತು ಥ್ರೆಡ್ ಪೂರ್ತಿ ಹಿಡಿದಿರಬೇಕು. ರಿವೈಂಡಿಂಗ್ ಬೀದಿ ಬದಿಯ ಅಂಗಡಿಯಲ್ಲಿ ಮಾಡಿಸಿದರೆ ಸರ್ಟಿಫಿಕೇಟ್ ಹೋದಂತೆಯೇ.

ಭೋಸರಿ_ಗೇಟ್
ಪ್ಲಗ್, ಗ್ಲ್ಯಾಂಡ್ (ಕೇಬಲ್ ಒಳಹೋಗುವಲ್ಲಿ ಬಿಗಿಯುವ ಭಾಗ) ಆರ್ಡರ್ ಮಾಡುವಾಗ ಥ್ರೆಡ್ ಬರೆಯಿರಿ. ಎಂ20 ತೂತಿಗೆ ಮುಕ್ಕಾಲು ಇಂಚಿನ ಇ.ಟಿ. ಗ್ಲ್ಯಾಂಡ್ ಹಿಡಿದ ಹಾಗೇ ಕಾಣುತ್ತೆ, ಆದರೆ ಗ್ಲ್ಯಾಂಡ್ 19.05 ಮಿಮೀ, ತೂತು 20. ಒಳಗೆ ಸಡಿಲ. ಸ್ಟೋರ್ಸ್‌ನಲ್ಲಿ ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ.

ಪಿಂಪ್ರಿ_ಸ್ಟೋರ್ಸ್
...ಈಗ ಒಂದೇ ಡಬ್ಬಿಯಲ್ಲೇ ಇವೆ. ಬೇರೆ ಮಾಡಿಸಿ ಬರ್ತೀನಿ.